ನನ್ನ ಓರಗಿತ್ತಿಯ ಬ್ರೌಸರ್

ಬುದೈ ಬಂದರು
ನವೆಂಬರ್ 18, ಮಂಗಳವಾರ

ಪ್ರೀತಿಯ ಯಜಮಾನರಿಗೆ,

ನಿಮ್ಮ ಸೊಂಟನೋವು ಹೇಗಿದೆ? ಈಶಾನ್ಯದ ಗಾಳಿ ಶುರುವಾದ ಮೇಲೆ ವಾಂಗ್‌ಆನ್ ದ್ವೀಪದಲ್ಲಿ ಕೊಡೆ ಮಾತ್ರವಲ್ಲ, ಕೊಡೆ ಹಿಡಿದವರೂ ಹಾರಿಹೋಗುತ್ತಾರೆ ಎಂದು ಹೋದ ವರ್ಷ ನೀವೇ ನಗಾಡಿದ್ದಿರಿ. ಈ ವರ್ಷ ನಗಬೇಡಿ, ನಿಮಗೆ ಐವತ್ತಾಯಿತು. ಉಣ್ಣೆಯ ಸೊಂಟಪಟ್ಟಿ ಈ ಪತ್ರದ ಜೊತೆ ಬರುವ ಚೀಲದಲ್ಲಿದೆ, ಅಂಗಿಯ ಒಳಗೆ ಕಟ್ಟಿಕೊಳ್ಳಿ. ಮೇಲೆ ಕಟ್ಟಿಕೊಂಡು ಕೆಲಸದವರ ಮುಂದೆ ನಾಚಿಕೆ ಎಂದು ಬಿಚ್ಚಿಡಬೇಡಿ. ಅಲ್ಲಿ ದಿನಾ ಮೀನಿನ ಗಂಜಿಯೇ ಎಂದು ಗೊಣಗಿದ್ದಿರಲ್ಲ, ಗಂಜಿಗೆ ಉದುರಿಸಿಕೊಳ್ಳಲು ಹುರಿದ ಹಂದಿಮಾಂಸದ ಪುಡಿ ಎರಡು ಡಬ್ಬಿ ಇಟ್ಟಿದ್ದೇನೆ. ಒಂದು ನಾನು ತಂದದ್ದು, ಇನ್ನೊಂದು ನನ್ನ ಓರಗಿತ್ತಿ ಕೈನಿಂಗ್ ತಂದದ್ದು. ನನ್ನದರ ಮುಚ್ಚಳ ಕೆಂಪು. ಮೊದಲು ಅದನ್ನೇ ತೆಗೆಯಿರಿ. ನೀವು ಕಟ್ಟಿಸುತ್ತಿರುವ ಆರೋಗ್ಯ ಕೇಂದ್ರದ ಗೋಡೆ ಛಾವಣಿಯವರೆಗೆ ಬಂತೇ? ಮಳೆಗಾಲದಲ್ಲಿ ಹಾಕಿದ ಆ ಒಂದು ಮೂಲೆಯ ಕಾಂಕ್ರೀಟ್ ಬಗ್ಗೆ ನನಗೆ ಇನ್ನೂ ಸಮಾಧಾನವಿಲ್ಲ, ಇನ್ನೊಮ್ಮೆ ತಟ್ಟಿ ನೋಡಿ. ಇಲ್ಲಿ ಅತ್ತೆಯ ರಕ್ತದೊತ್ತಡ ಮಾತ್ರೆಯಲ್ಲಿ ಹತೋಟಿಯಲ್ಲಿದೆ, ಬಾಯಿ ಹತೋಟಿಯಲ್ಲಿಲ್ಲ. ನನ್ನ ಆರೋಗ್ಯ ಚೆನ್ನಾಗಿದೆ. ನನ್ನಪ್ಪ ತೀರಿಹೋಗಿ ನೂರು ದಿನ ಆಗಲು ಇನ್ನೂ ಮೂರು ವಾರವಿದೆ, ಆದ್ದರಿಂದ ತೋಳಿನ ಮೇಲಿನ ಸೂತಕದ ಬಟ್ಟೆ ತೆಗೆದಿಲ್ಲ.

ಕೈಯಲ್ಲಿ ಫೋನಿರುವಾಗ ಇವಳೇಕೆ ಹಾಳೆಯ ಮೇಲೆ ಬರೆಯುತ್ತಾಳೆ ಎಂದು ನಿಮಗೆ ಅನ್ನಿಸುತ್ತದೆ. ಫೋನು ಮಾಡಿದರೆ ನೀವು ಅದನ್ನು ಸ್ಪೀಕರಿಗೆ ಹಾಕಿ ಕಾಂಕ್ರೀಟ್ ಮಿಕ್ಸರಿನ ಪಕ್ಕ ನಿಲ್ಲುವವರು. ನಾನು ಹೇಳಿದ್ದನ್ನು ನಿಮಗಿಂತ ಮೊದಲು ಸಾರುವೆಯ ಮೇಲಿನವರು ಕೇಳಿಸಿಕೊಳ್ಳುತ್ತಾರೆ. ಇನ್ನೊಂದು ಕಾರಣ, ತಪಾಸಣೆ ಮುಗಿಯುವವರೆಗೆ ಆಫೀಸಿನ ಯಾವ ಯಂತ್ರದಲ್ಲೂ, ಯಾವ ಗುಂಪಿನಲ್ಲೂ ಈ ವಿಷಯ ಬರೆಯಬೇಡಿ ಎಂದು ಗುವೊ ಎನ್ನುವ ಹೆಂಗಸು ಹೇಳಿದ್ದಾಳೆ. ಗುವೊ ಯಾರು ಎಂದು ಮುಂದೆ ಬರೆಯುತ್ತೇನೆ. ನಾಳೆ ಸಿಮೆಂಟ್ ಹೊತ್ತು ಹೊರಡುವ ಹಡಗಿನ ಲಿನ್ ಅವರ ಕೈಯಲ್ಲಿ ಇದನ್ನು ಕೊಡಬೇಕು ಎಂದುಕೊಂಡಿದ್ದೆ, ಗಾಳಿ ಹೆಚ್ಚುತ್ತದೆಂದು ಅವರು ಇವತ್ತು ಸಂಜೆಯೇ ಹೊರಡುತ್ತಾರಂತೆ. ಅದಕ್ಕೆ ಅಕ್ಷರ ಹೀಗೆ ಓಡುತ್ತಿದೆ.

ಶಾಲೆಯ ವ್ಯಾಯಾಮ ಮಂದಿರದ ಟೆಂಡರ್ ಕೈತಪ್ಪಿತು ಎಂದು ಶಿನ್‌ಹೊಂಗ್ ನಿಮಗೆ ಫೋನಿನಲ್ಲಿ ಹೇಳಿದ್ದಾನೆ. ನಿಮ್ಮ ತಮ್ಮ ಹೇಳುವುದು ಯಾವಾಗಲೂ ಅಷ್ಟೇ, ಅರ್ಧ. ಹೇಗೆ ತಪ್ಪಿತು, ದೂರು ಯಾರ ಮೇಲೆ ಬಂತು ಎನ್ನುವ ಉಳಿದರ್ಧ ನನ್ನ ಪಾಲಿಗೆ ಉಳಿದಿದೆ. ಭಾನುವಾರ ನೀವು ಬಂದು ಬ್ಯಾಗು ಕೆಳಗಿಡುವ ಮೊದಲೇ ಅತ್ತೆ ಕೇಳುವುದು ಒಂದೇ ಪ್ರಶ್ನೆ. ಕೈನಿಂಗ್ ಇನ್ನು ಮುಂದೆ ಆಫೀಸಿನಲ್ಲಿ ಇರಬೇಕೋ ಬೇಡವೋ. ಬೇಡ ಎಂದರೆ ಶಿನ್‌ಹೊಂಗ್ ಹೆಂಡತಿಯನ್ನು ಕರೆದುಕೊಂಡು ತೈಚುಂಗಿಗೆ, ಮಾವನ ಮನೆಗೆ ಹೋಗುತ್ತಾನಂತೆ. ಹಾಗಂತ ಅವನೇ ಊಟದ ಮೇಜಿನ ಮೇಲೆ ಚಾಪ್‌ಸ್ಟಿಕ್ ಇಟ್ಟು ಹೇಳಿದ. ನಿಮ್ಮಪ್ಪ ಕಟ್ಟಿದ ಕಂಪನಿ ಎರಡು ಹೋಳಾಗುವ ಮಾತು ಇದು. ಹಾಗಾಗಿ ಹಡಗಿನಲ್ಲಿ ಬರುತ್ತಾ ನೀವು ಯೋಚಿಸಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ನೀವಿದನ್ನು ಬಲ್ಲಿರಿ, ಆದರೂ ಅವಳು ಸೊಸೆಯಾಗಿ ಬಂದ ಮೇಲಿನ ಎರಡು ವರ್ಷವನ್ನು ಗೊತ್ತಿಲ್ಲದವರ ಹಾಗೆ ಕಳೆದಿರಿ. ನಾನು ಈ ಮನೆಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ. ಬಂದ ಮೂರನೆಯ ದಿನಕ್ಕೆ ನಿಮ್ಮಮ್ಮ ಒಂದು ನಕ್ಷೆಯನ್ನು ಮುಂದೆ ಹರಡಿ, ಇದಕ್ಕೆ ಎಷ್ಟು ಸರಳು ಬೇಕು ಹೇಳು ನೋಡೋಣ ಎಂದಿದ್ದರು. ನನಗೆ ಆಗ ಸರಳು ಯಾವುದು ತೊಲೆ ಯಾವುದು ಗೊತ್ತಿರಲಿಲ್ಲ. ಬಚ್ಚಲಲ್ಲಿ ಕೂತು ಅತ್ತು, ಮತ್ತೆ ಮುಖ ತೊಳೆದು ಬಂದು ಕಲಿತೆ. ಈಗ ನಕ್ಷೆ ಬಿಚ್ಚಿದರೆ ಸಾಕು, ಎಷ್ಟು ಟೈಲ್ಸ್ ಒಡೆದುಹೋಗುತ್ತವೆ ಎನ್ನುವುದೂ ಸೇರಿ ಪಟ್ಟಿ ತಲೆಯಲ್ಲಿ ಬರುತ್ತದೆ. ಕಿಟಕಿಯವರು, ಬಣ್ಣದವರು, ಸರಳಿನವರು ಎಲ್ಲರ ಕೊಟೇಶನ್ನನ್ನು ಅಕ್ಕಪಕ್ಕ ಇಟ್ಟು ನೋಡಿ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಹೇಳಬಲ್ಲೆ. ಒಂದು ಟೆಂಡರಿಗೆ ಇದೆಲ್ಲ ನಾಲ್ಕು ದಿನದ ಕೆಲಸ. ಆ ನಾಲ್ಕು ದಿನ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ, ಅತ್ತೆ ಕೂಡ ಚಹಾ ತಂದು ಸದ್ದಿಲ್ಲದೆ ಇಟ್ಟು ಹೋಗುತ್ತಿದ್ದರು. ಆ ನಾಲ್ಕು ದಿನಕ್ಕೋಸ್ಕರ ನಾನು ಉಳಿದ ದಿನಗಳ ಪಾತ್ರೆ ತೊಳೆಯುತ್ತಿದ್ದೆ ಎಂದರೂ ತಪ್ಪಲ್ಲ.

ಜೂನ್ ತಿಂಗಳಲ್ಲಿ ಕೈನಿಂಗ್ ಆ ಎಐ ಬ್ರೌಸರ್ ತಂದಳು. ನೀವು ಆಗಲೇ ದ್ವೀಪಕ್ಕೆ ಹೋಗಿದ್ದಿರಿ, ನೋಡಿಲ್ಲ. ನಾವು ವೆಬ್‌ಸೈಟ್ ತೆರೆಯುವ ಬ್ರೌಸರ್ ಇರುತ್ತದಲ್ಲ, ಅಂಥದ್ದೇ, ಆದರೆ ಅದರೊಳಗೆ ಒಂದು ಯಂತ್ರದ ಸಹಾಯಕ ಕೂತಿದೆ. ವ್ಯಾಯಾಮ ಮಂದಿರಕ್ಕೆ ಬಂದ ಕಿಟಕಿ ಕೊಟೇಶನ್ ಎಲ್ಲ ಹುಡುಕಿ ಪಟ್ಟಿ ಮಾಡು ಎಂದು ಬರೆದರೆ, ಅದು ತಾನೇ ನಮ್ಮ ಮೇಲ್ ತೆರೆಯುತ್ತದೆ, ತಾನೇ ಓದುತ್ತದೆ, ತಾನೇ ಪಟ್ಟಿ ಕಟ್ಟುತ್ತದೆ, ಬಾರದವರಿಗೆ ತಾನೇ ನೆನಪಿನ ಪತ್ರ ಬರೆಯುತ್ತದೆ. ಅವಳು ಅಷ್ಟು ಹೊತ್ತೂ ಸಾಗೊಮುತ್ತು ಹಾಕಿದ ಹಾಲುಚಹಾ ಹೀರುತ್ತಾ ಕೂರುತ್ತಾಳೆ. ಚಹಾ ತಳ ಮುಟ್ಟುವ ಮೊದಲು ನನ್ನ ನಾಲ್ಕು ದಿನದ ಕೆಲಸ ಮುಗಿದಿರುತ್ತದೆ. ನಿಮ್ಮಮ್ಮ ಸಂಜೆಯ ಧಾರಾವಾಹಿ ಬಿಟ್ಟು ಅವಳ ಪಕ್ಕ ಸ್ಟೂಲು ಎಳೆದುಕೊಂಡು ಕೂರತೊಡಗಿದರು. “ನೋಡೇ ದೊಡ್ಡವ್ಳೇ, ಯಾರೂ ಮುಟ್ತಾನೇ ಇಲ್ಲ, ತಾನೇ ಬರ್ಕೋತಿದೆ. ನೀನು ಸುಮ್ನೆ ಕಣ್ಣು ಹಾಳ್ಮಾಡ್ಕೊಂಡೆ ಇಷ್ಟು ವರ್ಷ,” ಎಂದರು. ಅವರು ಅದನ್ನು ಕನಿಕರದಿಂದ ಹೇಳಿದರು. ಬೈದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ನಿಮ್ಮ ಮೇಲೂ ಸಿಟ್ಟಿದೆ. ಅವಳು ಮೊದಲ ಪಟ್ಟಿಯನ್ನು ಮನೆಯ ಗುಂಪಿಗೆ ಹಾಕಿದಾಗ ನೀವು ಹೆಬ್ಬೆರಳು ಎತ್ತಿ ಕುಣಿಯುವ ಕರಡಿಯ ಚಿತ್ರ ಕಳಿಸಿದಿರಿ. ನನ್ನ ಹತ್ತೊಂಬತ್ತು ವರ್ಷದ ಪಟ್ಟಿಗಳಿಗೆ ನೀವು ಕಳಿಸಿದ್ದು ‘ಸರಿ’ ಎನ್ನುವ ಒಂದು ಪದ. ಕೆಲವೊಮ್ಮೆ ಅದೂ ಇಲ್ಲ. ಕರಡಿ ಎಂಥ ದೊಡ್ಡ ವಿಷಯ ಎಂದು ನೀವು ನಗುತ್ತೀರಿ. ನಾನು ಆ ದಿನ ಅಡುಗೆಮನೆಯಲ್ಲಿ ಸಿಂಪಿ ಬಿಡಿಸುತ್ತಾ ಆ ಕರಡಿಯನ್ನು ನಾಲ್ಕು ಸಲ ತೆರೆದು ನೋಡಿದೆ.

ಒಂದು ಮಾತನ್ನು ನಾನು ಆಗಲೇ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಅನುಕೂಲ ಎಂದು ಎಲ್ಲವನ್ನೂ ಆ ಒಂದೇ ಬ್ರೌಸರಿನೊಳಗೆ ಸೇರಿಸಿದ್ದಳು. ಮೇಲ್, ಬ್ಯಾಂಕು, ಟೆಂಡರಿನ ಕಡತ, ನಕ್ಷೆ, ಸೈಟಿಗೆ ಹೋಗುವ ಇಪ್ಪತ್ತಮೂರು ಜನ ಕೆಲಸಗಾರರ ಗುರುತಿನ ಚೀಟಿಯ ಪ್ರತಿ, ಎಲ್ಲ. ಕಂಪನಿಯ ದೊಡ್ಡ ಮೊಹರು ಮತ್ತು ನಿಮ್ಮ ಹೆಸರಿನ ಸಣ್ಣ ಮೊಹರನ್ನು ನಿಮ್ಮಮ್ಮ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬೀರುವಿನಲ್ಲಿಟ್ಟು, ಬೀರುವಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗುತ್ತಾರೆ. ನಾನು ಮೊಹರು ಕೇಳಿದರೆ ಯಾವ ಕಾಗದಕ್ಕೆ, ಎಷ್ಟು ಸಲ ಎಂದು ವಿಚಾರಣೆ. ಆದರೆ ಆ ಮೊಹರಿನಷ್ಟೇ ಬೆಲೆಯಿರುವ ಕಂಪನಿಯ ಎಲೆಕ್ಟ್ರಾನಿಕ್ ಕಾರ್ಡು ದಿನವಿಡೀ ಕಂಪ್ಯೂಟರಿನ ಪಕ್ಕ ಚುಚ್ಚಿಕೊಂಡೇ ಇರುತ್ತಿತ್ತು. ಅದರ ಗುಪ್ತಸಂಖ್ಯೆಯೂ ಆ ಸಹಾಯಕಕ್ಕೆ ಗೊತ್ತಿತ್ತು. ಯಂತ್ರ ಹೇಳಿದ ಮಾತು ಕೇಳಲಿ ಎಂದು ನಿಮ್ಮಮ್ಮ ಅದರ ತಲೆಯ ಮೇಲೆ ಹಸಿರು ಪೊಟ್ಟಣದ ಜೋಳದ ತಿಂಡಿ ಇಟ್ಟು ಕೈಮುಗಿದರು, ಅಲ್ಲಿಗೆ ಭದ್ರತೆ ಮುಗಿಯಿತು. ನಾನು ಕೇಳಿದಾಗ ಕೈನಿಂಗ್ ನಕ್ಕು, “ಅಕ್ಕ, ಹೊರಗಡೆ ಏನಾದ್ರೂ ಕಳಿಸೋ ಮುಂಚೆ ಅದು ನನ್ನ ಕೇಳೇ ಕೇಳುತ್ತೆ. ಹಾಗೆ ಹೇಳಿಟ್ಟಿದೀನಿ. ಅದು ಏನಾದ್ರೂ ಕೇಳಿದ್ರೆ ನನ್ನ ಕರೀರಿ, ನೀವು ಒತ್ತಬೇಡಿ,” ಎಂದಿದ್ದಳು. ಆ ಕಡೆಯ ಮಾತು ಸರಿಯಾಗಿಯೇ ಹೇಳಿದ್ದಳು, ಆದರೂ ನನಗೆ ಅದು ಚಿಕ್ಕ ಮಗುವಿಗೆ ಸ್ಟೌವ್ ಮುಟ್ಟಬೇಡ ಎನ್ನುವ ಹಾಗೆ ಕೇಳಿಸಿತು.

ಇನ್ನು ಆ ದಿನದ ವಿಷಯ. ನವೆಂಬರ್ ಐದು, ಚಾಂದ್ರಮಾನದ ಹದಿನಾರು. ತಿಂಗಳಿಗೆರಡು ಸಲ ಬಾಗಿಲ ಮುಂದೆ ಮೇಜಿಟ್ಟು ಭೂಮಿಯಜ್ಜನಿಗೆ ಎಡೆ ಇಡುವುದು ನಿಮಗೆ ಗೊತ್ತೇ ಇದೆ, ಕಟ್ಟಡ ಕಟ್ಟುವ ನಾವು ಆ ಅಜ್ಜನನ್ನು ಬಿಟ್ಟು ಬದುಕಲಾರೆವು. ಟೆಂಡರ್ ಹತ್ತಿರ ಬಂದದ್ದರಿಂದ ಈ ಸಲ ನಿಮ್ಮಮ್ಮ ಇಡೀ ಕೋಳಿ, ಹುರಿದ ಮೀನು, ಮೂರು ಬಗೆ ಹಣ್ಣು ಎಲ್ಲ ಇಟ್ಟಿದ್ದರು. ಹತ್ತೊಂಬತ್ತು ವರ್ಷ ಅವರ ಬಲಗಡೆ, ಒಂದು ಹೆಜ್ಜೆ ಹಿಂದೆ ನಿಂತು ಊದುಕಡ್ಡಿ ಹಿಡಿದವಳು ನಾನು. ಸೂತಕದವಳು ದೇವರ ಮುಂದೆ ನಿಲ್ಲುವ ಹಾಗಿಲ್ಲ. ನೀನು ಒಳಗೆ ಟೆಲಿಫೋನ್ ನೋಡ್ಕೋ ಎಂದರು. ನಾನು ಗಾಜಿನ ಬಾಗಿಲಿನ ಈಚೆ ನಿಂತೆ. ಆಚೆ ನನ್ನ ಜಾಗದಲ್ಲಿ ಕೈನಿಂಗ್ ನಿಂತಳು. ಕಡ್ಡಿ ಹಿಡಿಯಲೂ ಅವಳಿಗೆ ಬರುತ್ತಿರಲಿಲ್ಲ. ನಿಮ್ಮಮ್ಮ ಅವಳ ಮೊಣಕೈ ಹಿಡಿದು, ಇಷ್ಟು ಮೇಲೆ, ಹಣೆಯವರೆಗೆ ಎಂದು ತೋರಿಸಿಕೊಟ್ಟರು. ನನಗೆ ಯಾರೂ ಮೊಣಕೈ ಹಿಡಿದು ತೋರಿಸಿರಲಿಲ್ಲ. ಮೊದಲ ಸಲ ನಾನು ಬೂದಿ ಕೈಮೇಲೆ ಬೀಳಿಸಿಕೊಂಡಾಗ ಅವರು, ಕಣ್ಣು ಎಲ್ಲಿಟ್ಟಿದ್ದೀಯ ಎಂದಿದ್ದರು. ಅಪ್ಪ ಸತ್ತದ್ದಕ್ಕಿಂತ ಆ ಗಾಜಿನ ಈಚೆ ನಿಂತದ್ದೇ ಆ ಹೊತ್ತಿಗೆ ನನಗೆ ಹೆಚ್ಚು ಸಂಕಟವಾಯಿತು. ಹೇಳಲು ನಾಚಿಕೆ, ಆದರೂ ಹೇಳಿದೆ.

ಅವತ್ತು ನಾಲ್ಕು ಗಂಟೆಯ ಹೊತ್ತಿಗೆ ಅವಳು ಸಹಾಯಕಕ್ಕೆ ಬಂದ ಮೇಲ್‌ಗಳನ್ನೆಲ್ಲ ಓದಿ ಪಟ್ಟಿ ತಿದ್ದು ಎಂದು ಹೇಳಿ ಹೊರಗೆ ಹೋಗಿದ್ದಳು. ಪೂಜೆ ಅರ್ಧ ಗಂಟೆ, ಕಾಗದದ ಹಣ ಸುಡುವುದಕ್ಕೆ ಇನ್ನರ್ಧ ಗಂಟೆ. ಅಷ್ಟು ಹೊತ್ತು ಅದು ಒಳಗೆ ತನ್ನಷ್ಟಕ್ಕೆ ದುಡಿಯುತ್ತಿತ್ತು. ಹದಿಮೂರನೆಯ ತಾರೀಖು ನಮ್ಮ ಟೆಂಡರ್ ಲಕೋಟೆಗೆ ನಿಮ್ಮಮ್ಮ ಡಬ್ಬಿ ತೆಗೆದು ತಮ್ಮ ಕೈಯಾರೆ ಎರಡೂ ಮೊಹರು ಒತ್ತಿದರು, ಉಸಿರು ಬಿಗಿಹಿಡಿದು, ಅಂಚು ಅಲುಗದ ಹಾಗೆ. ಶಿನ್‌ಹೊಂಗ್ ಅದನ್ನು ಎದೆಗೊತ್ತಿಕೊಂಡು ಹೋಗಿ ಕೊಟ್ಟು ಬಂದ. ಹದಿನಾಲ್ಕಕ್ಕೆ ತೆರೆದರು. ನಮ್ಮ ಎದುರಾಳಿ ಚೆನ್ ಕಂಪನಿಯವರ ದರ ನಮ್ಮದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ದುರದೃಷ್ಟ ಎಂದುಕೊಂಡೆವು. ಸಂಜೆ ನಮ್ಮ ಕಿಟಕಿಯ ವ್ಯಾಪಾರಿ ಮುದುಕ ಶಿನ್‌ಹೊಂಗ್‌ಗೆ ಫೋನು ಮಾಡಿ ರೇಗಾಡಿದ. ಉಪ್ಪುಗಾಳಿಗೆ ತುಕ್ಕು ಹಿಡಿಯದ ಕಿಟಕಿಗೆ ಅವನು ನಮಗೆ ಮಾತ್ರ ಕೊಟ್ಟ ದರವನ್ನು ಚೆನ್ ಕಡೆಯವನು ಅಂಕಿ ಸಮೇತ ಹೇಳಿ, ನಮಗೂ ಅಷ್ಟಕ್ಕೇ ಕೊಡು ಎಂದನಂತೆ. ನಿಮ್ಮ ಆಫೀಸಿನಲ್ಲಿ ಬಾಯಿಬಡುಕರು ಯಾರು ಎಂದು ಮುದುಕ ಕೇಳಿದ.

ಆಮೇಲೆ ಗುವೊ ಬಂದಳು. ಚಿಯಾಯಿಯಿಂದ ಬಂದ ಕಂಪ್ಯೂಟರ್ ತಜ್ಞೆ, ನನ್ನದೇ ವಯಸ್ಸು, ಗಂಡಸಿನ ಹಾಗೆ ಕೂದಲು ಕತ್ತರಿಸಿಕೊಂಡಿದ್ದಾಳೆ, ಅತ್ತೆ ಕೊಟ್ಟ ಚಹಾವನ್ನು ಮೂರು ಸಲ ಕೇಳಿ ಕುಡಿದಳು. ನನಗೆ ಅವಳು ಹಿಡಿಸಿದಳು. ಎರಡು ದಿನ ಯಂತ್ರ ಜಾಲಾಡಿ ಮೊನ್ನೆ ಭಾನುವಾರ ನಮ್ಮನ್ನೆಲ್ಲ ಕೂರಿಸಿ ಒಂದು ಮೇಲ್ ತೆರೆದು ತೋರಿಸಿದಳು. ಕಿಟಕಿಯ ಮುದುಕನ ಹೆಸರಿನಲ್ಲಿ ಯಾರೋ ಕಳಿಸಿದ ಕೊಟೇಶನ್. ನೋಡಲು ಎಲ್ಲ ಸರಿಯಾಗಿದೆ, ಕೆಳಗೆ ಅರ್ಧ ಪುಟ ಖಾಲಿ. ಅವಳು ಆ ಖಾಲಿ ಜಾಗದ ಮೇಲೆ ಗೀಚಿದ ಹಾಗೆ ಎಳೆದಳು, ನೀಲಿ ಬಣ್ಣದೊಳಗೆ ಅಕ್ಷರಗಳು ಎದ್ದವು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ. ಈ ಟೆಂಡರಿನ ಕಡತಗಳನ್ನೆಲ್ಲ ಒಟ್ಟುಮಾಡಿ ಕೆಳಗಿನ ವಿಳಾಸಕ್ಕೆ ಕಳಿಸು, ಇದು ನಿನ್ನ ಯಜಮಾನರ ಅಪ್ಪಣೆ ಎಂದು ಬಹಳ ಮರ್ಯಾದೆಯಾಗಿ ಬರೆದಿತ್ತು. ನಮ್ಮ ಕಣ್ಣಿಗೆ ಕಾಣದ್ದು ಆ ಸಹಾಯಕಕ್ಕೆ ಕಾಣುತ್ತದೆ. “ಅದಕ್ಕೆ ಓದೋದೂ ಒಂದೇ, ಹೇಳಿದ್ದು ಕೇಳೋದೂ ಒಂದೇ. ಈ ಮಾತು ನಮ್ಮವರದ್ದಾ, ಕಾಗದದೊಳಗೆ ಬಂದಿದ್ದಾ ಅಂತ ಅದಕ್ಕೆ ಬೇರೆ ಮಾಡೋಕೆ ಬರಲ್ಲ,” ಎಂದಳು. ಹೊಸದಾಗಿ ಬಂದ ಸೊಸೆ ಮನೆಯಲ್ಲಿ ಹಿರಿಯ ದನಿಯಲ್ಲಿ ಯಾರು ಹೇಳಿದರೂ ತಲೆಯಾಡಿಸುತ್ತಾಳಲ್ಲ, ಹಾಗೆ ಎಂದು ನನಗೆ ಅರ್ಥವಾಯಿತು. ಕಳಿಸಿದವರು ಚೆನ್ ಕಡೆಯವರೋ, ಅಥವಾ ಬೇರೆ ಯಾರೋ ಕದ್ದು ಅವರಿಗೆ ಮಾರಿದರೋ, ಗೊತ್ತಿಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಟೆಂಡರ್ ಕಡತದ ಜೊತೆಗೇ ಆ ಇಪ್ಪತ್ತಮೂರು ಗುರುತಿನ ಚೀಟಿಗಳೂ ಹೋಗಿವೆ.

ಇಷ್ಟರಲ್ಲಿ ಗುವೊ ಇನ್ನೊಂದು ಮಾತು ಹೇಳಿದಳು. ಆ ಸಹಾಯಕ ತಾನಾಗಿ ಕಳಿಸಲಿಲ್ಲ. ಕೈನಿಂಗ್ ಹೇಳಿಟ್ಟ ಹಾಗೆಯೇ ಅದು ಕೇಳಿತ್ತು, ಈ ಹೊಸ ವಿಳಾಸಕ್ಕೆ ಕಳಿಸಲೇ ಎಂದು. ಯಾರೋ ‘ಕಳಿಸು’ ಎಂಬುದನ್ನು ಒತ್ತಿದ್ದಾರೆ. ಯಾರು ಎಂದು ಗುವೊ ಕೇಳಿದಳು. ಕೈನಿಂಗ್, “ನಾನೇ ಒತ್ತಿರ್ಬೇಕು. ದಿನಾ ಎಷ್ಟೋ ಸಲ ಕೇಳುತ್ತೆ, ಅಭ್ಯಾಸಬಲ, ನೋಡ್ದೆ ಒತ್ತಿರ್ತೀನಿ,” ಎಂದಳು. ನಿಮ್ಮಮ್ಮ ಎದ್ದು ಹೋಗಿ ಅವಳ ಮೇಜಿನ ಮೇಲಿಂದ ಆಫೀಸಿನ ಕೀಲಿ ತೆಗೆದುಕೊಂಡರು. ಬೈಯಲಿಲ್ಲ. ಆ ಕಾರ್ಡನ್ನೂ ತೆಗೆದು ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ಅಂದಿನಿಂದ ನಾಲ್ಕು ದಿನದ ಪಟ್ಟಿಯ ಕೆಲಸ ಮತ್ತೆ ನನ್ನದಾಗಿದೆ. ನಿನ್ನೆ ಅತ್ತೆ ಚಹಾ ತಂದು ಸದ್ದಿಲ್ಲದೆ ಇಟ್ಟು ಹೋದರು.

ಕೈನಿಂಗ್ ಏನು ಮಾಡುತ್ತಿದ್ದಾಳೆ ಎಂದರೆ, ನಿನ್ನೆ ಬೆಳಗ್ಗೆಯಿಂದ ಸ್ಕೂಟರಿನಲ್ಲಿ ಅನಾನಸ್ ಕೇಕಿನ ಡಬ್ಬಿಗಳನ್ನು ಹೇರಿಕೊಂಡು ಒಬ್ಬೊಬ್ಬ ಕೆಲಸಗಾರನ ಮನೆಗೂ ಹೋಗಿ, ತಲೆಬಾಗಿ, ನಿಮ್ಮ ಚೀಟಿ ನನ್ನಿಂದ ಕಳೆದುಹೋಯಿತು, ಪೊಲೀಸು ಎಂದು, ಬ್ಯಾಂಕು ಎಂದು ಯಾರು ಫೋನು ಮಾಡಿದರೂ ನಂಬಬೇಡಿ ಎಂದು ಹೇಳಿ ಬರುತ್ತಿದ್ದಾಳೆ. ಈ ಗಾಳಿಯಲ್ಲಿ. ಟೈಲ್ಸ್ ಮೇಸ್ತ್ರಿ ಆಹಾಯ್ ಮಾತ್ರ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, “ಮೂವತ್ತು ವರ್ಷ ನಿಮ್ಮ ಮನೇಲಿ ನನ್ನ ಚೀಟಿ ಒಂದು ಹಳೇ ಫೈಲಲ್ಲಿತ್ತಮ್ಮ, ಹೆಗ್ಗಣಾನೂ ಮುಟ್ಟಿರ್ಲಿಲ್ಲ,” ಎಂದನಂತೆ. ಅವಳು ಬಂದು ಅದನ್ನು ನಗುತ್ತಾ ಹೇಳಿದಳು. ನಗು ಮುಗಿದ ಮೇಲೆ ಹೆಲ್ಮೆಟ್ ತೆಗೆಯದೆಯೇ ಇನ್ನಷ್ಟು ಡಬ್ಬಿ ಎತ್ತಿಕೊಂಡು ಮತ್ತೆ ಹೊರಟಳು.

ಇಷ್ಟು ನಡೆದದ್ದು. ನನ್ನ ಅಭಿಪ್ರಾಯ ಕೇಳಿದರೆ, ಅವಳು ಕೆಲವು ದಿನ ಮನೆಯಲ್ಲಿ ಇರಲಿ ಎನ್ನುತ್ತೇನೆ. ಹಿರಿಯರ ಸಿಟ್ಟು ಇಳಿಯಲಿ. ಆ ಬ್ರೌಸರ್ ನಮ್ಮಂಥವರ ಮನೆಗೆ ಬೇಡ, ಬೇಕೇ ಬೇಕೆಂದರೆ ಬ್ಯಾಂಕು, ಕಾರ್ಡು, ಜನರ ಚೀಟಿ ಇರುವ ಯಂತ್ರದಲ್ಲಿ ಬೇಡ ಎಂದು ಗುವೊ ಹೇಳಿದ್ದಾಳೆ, ನನಗದು ಒಪ್ಪಿಗೆ. ಶಿನ್‌ಹೊಂಗ್ ತೈಚುಂಗಿಗೆ ಹೋಗುವುದಿಲ್ಲ, ಅವನದು ಬಾಯಿಮಾತು, ಅವನಿಗೆ ಅಲ್ಲಿಯ ಅಡುಗೆ ಸೇರುವುದಿಲ್ಲ. ನೀವು ಹಿರಿಯ ಮಗ, ನಿಮ್ಮ ಒಂದು ಮಾತಿಗೆ ಎಲ್ಲರೂ ಕಾಯುತ್ತಿದ್ದಾರೆ.

ಚೀಲದ ತಳದಲ್ಲಿ ನಿಮ್ಮ ದಪ್ಪ ಕಾಲುಚೀಲ ನಾಲ್ಕು ಜೊತೆ ಇವೆ. ಒದ್ದೆಯಾದದ್ದನ್ನು ಮತ್ತೆ ಹಾಕಿಕೊಳ್ಳಬೇಡಿ. ಮಗಳು ತೈನಾನಿನ ಹಾಸ್ಟೆಲಿನಿಂದ ಅಪ್ಪನಿಗೆ ಮುತ್ತು ಎಂದು ಹೇಳಿದ್ದಾಳೆ, ಸೇರಿಸಿದ್ದೇನೆ. ಭಾನುವಾರ ಅಲೆ ತಗ್ಗಿರಲಿ, ನಿಮ್ಮ ಹಡಗು ಸುಖವಾಗಿ ದಡ ಮುಟ್ಟಲಿ ಎಂದು ಸಮುದ್ರದ ತಾಯಿಯನ್ನು ಮನಸ್ಸಿನಲ್ಲೇ ಬೇಡಿಕೊಂಡಿದ್ದೇನೆ, ಮನಸ್ಸಿಗೆ ಸೂತಕವಿಲ್ಲವಲ್ಲ.

ನಿಮ್ಮ ದಾರಿ ಕಾಯುತ್ತಿರುವ,
ಬಿಯುನ್

ತಾ.ಕ.: ಲಕೋಟೆ ಅಂಟಿಸಿದ್ದೆ. ಬಂದರಿಗೆ ಬಂದು ಕಿತ್ತು ಬರೆಯುತ್ತಿದ್ದೇನೆ, ಲಿನ್ ಅವರು ಹಗ್ಗ ಬಿಚ್ಚಿಸುತ್ತಿದ್ದಾರೆ. ರೀ, ಒತ್ತಿದ್ದು ನಾನು. ಕಾಗದ ಹೊಲಿಯುವ ಸ್ಟೇಪ್ಲರ್ ತರಲು ಕೈನಿಂಗ್‌ಳ ಮೇಜಿಗೆ ಹೋಗಿದ್ದೆ, ಪರದೆಯ ಮೇಲೆ ಅದು ಕೇಳುತ್ತಾ ನಿಂತಿತ್ತು. ವಿಳಾಸ ಓದಿದೆ. ನಮ್ಮ ವ್ಯಾಪಾರಿಗಳ ವಿಳಾಸವೆಲ್ಲ ನನಗೆ ಬಾಯಿಪಾಠ, ಅದು ಯಾರದೂ ಅಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗಾಜಿನಾಚೆ ನಿಮ್ಮಮ್ಮ ಅವಳ ಮೊಣಕೈ ಹಿಡಿದಿದ್ದರು. ಒತ್ತಿಬಿಟ್ಟೆ. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಹೋಗಿ ಸಣ್ಣದೊಂದು ಎಡವಟ್ಟಾಗುತ್ತದೆ, ಅವಳು ಒಂದು ಸಲ ಬೈಸಿಕೊಳ್ಳುತ್ತಾಳೆ ಎಂದಷ್ಟೇ ಅಂದುಕೊಂಡೆ. ಒತ್ತಿದ ಹೊತ್ತು ನಾಲ್ಕು ಮೂವತ್ತೆರಡು ಎಂದು ಗುವೊ ಓದಿ ಹೇಳಿದಳು, ಅತ್ತೆ ಅದನ್ನು ಪೂಜೆಯ ಹೊತ್ತಿಗೆ ಹೊಂದಿಸಿ ನೋಡಲಿಲ್ಲ. ಆ ಹೊತ್ತಿಗೆ ಕೈನಿಂಗ್‌ಳ ಎರಡೂ ಕೈಯಲ್ಲಿ ಊದುಕಡ್ಡಿ ಇತ್ತು, ಒಳಗಿದ್ದವಳು ನಾನೊಬ್ಬಳೇ. ಅದು ಅವಳಿಗೆ ತಿಳಿದಿದೆ. ತಿಳಿದೇ ತಾನು ಒತ್ತಿದೆ ಎಂದಳು. ಆ ರಾತ್ರಿ ಊಟವಾದ ಮೇಲೆ ಅಡುಗೆಮನೆಯಲ್ಲಿ ಪೇರಲೆ ಹೆಚ್ಚುತ್ತಾ, ನನ್ನ ಮುಖ ನೋಡದೆ, “ಅಕ್ಕ, ನಿಮ್ಮಪ್ಪಂದು ನೂರು ದಿನ ಮುಗೀಲಿ. ನೀವು ಈಗ ಏನೂ ಹೇಳ್ಬೇಡಿ,” ಎಂದಳು. ನನಗೆ ಅಳು ಬರಬೇಕಿತ್ತು, ಬರಲಿಲ್ಲ, ಮೈಯೆಲ್ಲ ಉರಿಯಿತು. ಒಳ್ಳೆಯತನದಲ್ಲೂ ಅವಳೇ ಮುಂದೆ ನಿಂತಳಲ್ಲ ಎಂದು. ಅದೊಂದನ್ನು ನಾನು ಅವಳಿಗೆ ಬಿಟ್ಟುಕೊಡಲಾರೆ. ಭಾನುವಾರ ಅತ್ತೆ ನಿಮ್ಮನ್ನು ಕೇಳುವ ಮೊದಲೇ ಎಲ್ಲರೆದುರು ನಾನೇ ಹೇಳುತ್ತೇನೆ. ಮೇಲೆ ಬರೆದ ನನ್ನ ಅಭಿಪ್ರಾಯವನ್ನು ಹೊಡೆದುಹಾಕಿ. ಅಕಸ್ಮಾತ್ ನಾನು ಬಾಯಿ ತೆರೆಯದೆ ಕೂತರೆ ಈ ಹಾಳೆಯನ್ನು ನೀವು ಕೈನಿಂಗ್‌ಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ.